ನಿರಾಶ್ರಿತ ನೀತಿ ಮತ್ತು ಸ್ಥಳೀಯ ಹಿಂಸೆ: ದಕ್ಷಿಣ ಕನ್ನಡದ ಸಿಲೋನ್ ತಮಿಳರ ನೆಲೆಯಿಂದ ಒಂದು ವಿವೇಚನೆ

ನಿರಾಶ್ರಿತರ ವಲಸೆಗೂ ಅಂತರ್ಯುದ್ಧಕ್ಕೂ ನಂಟಿದೆ ಎಂದು 2006ರಲ್ಲಿ ರಾಜಕೀಯ ವಿಜ್ಞಾನಿಗಳಾದ ಸಲೇಹ್ಯಾನ್ ಮತ್ತು ಗ್ಲೆಡಿಚ್ ವಾದಿಸಿದ್ದರು. 2021ರಲ್ಲಿ ಝೌ ಮತ್ತು ಶೇವರ್ ಪ್ರಾಂತ್ಯಗಳ ಮಟ್ಟಕ್ಕಿಳಿದು ನೋಡಿದಾಗ ಆ ನಂಟು ಸಿಗಲಿಲ್ಲ. ಈ ಚರ್ಚೆಗೆ ನಮ್ಮ ಜಿಲ್ಲೆಯಲ್ಲೇ ಸಾಕ್ಷ್ಯವಿದೆ.

1964ರ ಅಕ್ಟೋಬರ್ 30ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಭಾರತ ಸಿಲೋನಿನಿಂದ (ಇಂದಿನ ಶ್ರೀಲಂಕಾ) 5,25,000 ತೋಟ ಕಾರ್ಮಿಕ ಮೂಲದವರನ್ನು ಸ್ವೀಕರಿಸಬೇಕಿತ್ತು. ಹಾಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಸೇರಿದರು. ಕಾನೂನಿನ ಪ್ರಕಾರ ಇವರು ಮರಳಿ ಬಂದ ನಾಗರಿಕರು, ನಿರಾಶ್ರಿತರಲ್ಲ. ಊರಿನ ಬಾಯಲ್ಲಿ ಮಾತ್ರ ಇಂದಿಗೂ ‘ಸಿಲೋನಿನವರು’.

ತೋಟ ಎದ್ದದ್ದು ಸರ್ಕಾರದ ಕಾಡುಭೂಮಿಯಲ್ಲಿ, ಕೆಲಸವೂ ತೋಟದೊಂದಿಗೇ ಹೊಸದಾಗಿ ಹುಟ್ಟಿತು. ಯಾವ ರೈತನ ಗದ್ದೆಯೂ ಹೋಗಲಿಲ್ಲ, ಅಡಿಕೆ ತೋಟದ ಕೂಲಿಗೆ ಪೈಪೋಟಿಯೂ ಏಳಲಿಲ್ಲ. ಹೊಡೆದಾಟಕ್ಕೆ ಕಾರಣವನ್ನೇ ನೀತಿ ಉಳಿಸಲಿಲ್ಲ ಎಂಬುದು ನನ್ನ ವಾದ. ಬೈಲಕುಪ್ಪೆಯಲ್ಲೂ 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಪ್ರತ್ಯೇಕ ಜಮೀನು ಕೊಟ್ಟಿತು. ಧರ್ಮಶಾಲಾದಲ್ಲಿ ಹಾಗಲ್ಲ: ಪೇಟೆಯಲ್ಲಿ ಸ್ಥಳೀಯರೊಂದಿಗೆ ಬೆರೆತೇ ನೆಲೆಸಿದರು, 1994ರಲ್ಲಿ ಒಬ್ಬ ಸ್ಥಳೀಯ ಯುವಕನ ಕೊಲೆಯ ಬೆನ್ನಿಗೆ ಟಿಬೆಟನ್ನರ ಅಂಗಡಿಗಳ ಮೇಲೆ ದಾಳಿಯಾಯಿತು.

ಹೋಲಿಕೆಗೆ ನೆರೆಯ ತಾಲೂಕುಗಳಿವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಪುನರ್ವಸತಿಯ ಮುಖ್ಯ ಕೇಂದ್ರಗಳಲ್ಲ. ಬೆಳ್ತಂಗಡಿಯ ಗುಡ್ಡಗಳಿಗೆ ಕೇರಳದ ಕ್ರೈಸ್ತ ಕೃಷಿಕರು ಬಂದದ್ದು ಸ್ವಂತ ದುಡ್ಡಿನಲ್ಲಿ ಜಾಗ ಕೊಂಡು. 1999ರಲ್ಲಿ ಅಲ್ಲಿ ಸೀರೊ ಮಲಬಾರ್ ಧರ್ಮಪ್ರಾಂತ್ಯವೂ ಸ್ಥಾಪನೆಯಾಯಿತು. ಆದರೆ 2017ರಲ್ಲಿ ಬಂಟ್ವಾಳದ ಕಲ್ಲಡ್ಕ ಕೋಮು ಘರ್ಷಣೆಯಲ್ಲಿ ಉರಿದಾಗ, ನಿಷೇಧಾಜ್ಞೆ ಬಿದ್ದಾಗ, ಎದುರುಬದುರಾದವರು ಹೊರಗಿನಿಂದ ಬಂದವರಲ್ಲ. ಸಿಲೋನ್ ಕಾಲೊನಿಗಳಿರುವ ಸುಳ್ಯದಲ್ಲೇ, 2022ರ ಜುಲೈಯಲ್ಲಿ ಬೆಳ್ಳಾರೆ ಪರಿಸರದ ಕೊಲೆಗಳ ಸಂದರ್ಭದಲ್ಲೂ ಬಿರುಕು ಧರ್ಮದ ಗೆರೆಯಲ್ಲಿತ್ತು. ಜಿಲ್ಲೆಯ ಹಿಂಸೆಗೆ ವಲಸೆಯಲ್ಲಿ ಬೇರು ಹುಡುಕುವುದು ವ್ಯರ್ಥ.

ಹಾಗೆಂದು ನಿಗಮದ ಮಾದರಿಯನ್ನು ಹೊಗಳಲು ನಾನು ಸಿದ್ಧನಿಲ್ಲ. ಮನೆಯನ್ನು ಕೆಲಸಕ್ಕೆ ಕಟ್ಟಿಹಾಕಿದ್ದರಿಂದ ನಿವೃತ್ತಿಯೆಂದರೆ ನೆಲೆ ತಪ್ಪುವ ಭಯ. ದಲಿತ ಮೂಲದ ಕುಟುಂಬಗಳು ಪರಿಶಿಷ್ಟ ಜಾತಿ ಪ್ರಮಾಣಪತ್ರಕ್ಕಾಗಿ ದೀರ್ಘಕಾಲ ಅಲೆದವು. ಪೈಪೋಟಿ ಇಲ್ಲದಂತೆ ಮಾಡಿದ ಅದೇ ಬೇಲಿ ಮಕ್ಕಳನ್ನು ಕಾಲೇಜು ಸೀಟು, ಸರ್ಕಾರಿ ನೌಕರಿಗಳಿಂದಲೂ ದೂರವಿಟ್ಟಿತು. ರಬ್ಬರ್ ಕತ್ತಿ ಹಿಡಿಯಲೊಲ್ಲದ ಮೂರನೆಯ ತಲೆಮಾರು ಈಗ ಊರಿನವರ ಜೊತೆ ಆ ಸೀಟು, ನೌಕರಿಗಳ ಸಾಲಿನಲ್ಲೇ ನಿಲ್ಲುತ್ತಿದೆ. ನೀತಿಗೆ ನಿಜವಾದ ಪರೀಕ್ಷೆ ಎದುರಾಗುವುದು ಅಲ್ಲಿ.