ಉಪ್ಪಾಗೆ ಸಿಪ್ಪೆ ಅಮೆರಿಕಕ್ಕೆ ಹೋದ ಕತೆ

ನಮ್ಮ ಹೆಗ್ಗರಣೆ ಸುತ್ತಿನ ಕಾಡಲ್ಲಿ ಮಳೆಗಾಲ ಹಿಡೀತು ಅಂದ್ರೆ ಉಪ್ಪಾಗೆ ಹಣ್ಣಾಗುತ್ತದೆ. ಪುಟ್ಟ ಕುಂಬಳಕಾಯಿ ಹಾಗೆ ಗೀರುಗೀರಾದ ಹಳದಿ ಹಣ್ಣು. ಸಿಪ್ಪೆ ಒಣಗಿಸಿದರೆ ಅಡುಗೆಗೆ ಹುಳಿ, ಬೀಜದಿಂದ ತುಪ್ಪ. ನಮ್ಮ ಹಿರಿಯರಿಗೆ ಅದು ಅಷ್ಟೇ ಆಗಿತ್ತು.

ಈ ಹುಳಿ ಯಾವ ಹುಳಿ? ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲ ಇರಬೇಕು ಅಂದುಕೊಂಡಿದ್ದರು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬಿಬ್ಬರು ವಿಜ್ಞಾನಿಗಳು ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಅವರ ಪ್ರಯೋಗಾಲಯ ಇದ್ದದ್ದು ನಮ್ಮದೇ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಕಂಡುಕೊಂಡರು. ಸಕ್ಕರೆ ಅಂಶವನ್ನು ಕೊಬ್ಬಾಗಿಸುವ ದಾರಿಯಲ್ಲಿ ಜೀವಕೋಶಕ್ಕೆ ಬೇಕಾಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ. ಆಮೇಲೆ ಇಲಿಗಳಿಗೆ ಕೊಟ್ಟು ನೋಡಿದರು. ಕೊಬ್ಬು ತಯಾರಾಗೋದು ಕಡಿಮೆಯಾಯ್ತು, ತಿನ್ನೋದೂ ಕಡಿಮೆಯಾಯ್ತು.

ಅಷ್ಟು ಸಾಕಾಯ್ತು ನೋಡಿ. 1990ರ ದಶಕದಲ್ಲಿ ‘ಗಾರ್ಸಿನಿಯಾ ಕಾಂಬೋಜಿಯಾ’ ಅನ್ನೋ ಹೆಸರಲ್ಲಿ ತೂಕ ಇಳಿಸುವ ಮಾತ್ರೆಗಳು ಬಂದವು. ಶಿರಸಿ, ಸಿದ್ದಾಪುರದ ಕಾಡಿನ ಸಿಪ್ಪೆಗೆ ಬೆಲೆ ಏರಿತು. ಕೂಲಿ ಮಾಡುವವರ ಮನೆಗೆ ಮಳೆಗಾಲದಲ್ಲೂ ಕೈಗೆ ನಾಲ್ಕು ಕಾಸು ಬಂತು, ಅದು ಸಣ್ಣ ಮಾತಲ್ಲ. ಆದರೆ ಕಾಡಿನ ಮರ ಎಲ್ಲರದ್ದೂ. ‘ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ತಾನೆ’ ಅಂತ ಹಣ್ಣಾಗುವ ಮೊದಲೇ ಕೊಯ್ದರು, ಟೊಂಗೆ ಕಡಿದರು. ಮಳೇಲಿ ಸಿಪ್ಪೆ ಬಿಸಿಲಿಗೆ ಒಣಗೋದಿಲ್ಲವಲ್ಲ, ಒಲೆ ಹಾಕಿ ರಾಶಿಗಟ್ಟಲೆ ಸೌದೆ ಸುಟ್ಟರು.

ಇಷ್ಟಾದ ಮೇಲೆ, 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 135 ಜನರಲ್ಲಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಅದೇ ತರ ಕಾಣುವ ಹುಸಿ ಮಾತ್ರೆ. ಎಲ್ಲರಿಗೂ ಒಂದೇ ಪಥ್ಯ. 12 ವಾರಗಳ ಕೊನೆಗೆ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿ ಮಾತ್ರೆಯವರು 4.1 ಕಿಲೋ! ಮುಂದೆ ಇಂಥ ಮಾತ್ರೆ ನುಂಗಿದ ಕೆಲವರ ಲಿವರ್ ಕೆಟ್ಟ ವರದಿಗಳೂ ಬಂದವು.

ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದರೆ, ಟೆಸ್ಟಿಂಗ್ ಮುಗಿಯುವ ಮೊದಲೇ ರಿಲೀಸ್ ಮಾಡಿದ್ದರು. ಮೈಸೂರಿನವರು ಕಂಡದ್ದು ನಿಜ, ಬ್ರಾಂಡೈಸಿನವರು ಕಂಡದ್ದೂ ನಿಜ. ಕಿಣ್ವದಿಂದ ಮನುಷ್ಯನ ಸೊಂಟದವರೆಗಿನ ದಾರಿಯನ್ನು ಮಾತ್ರ ಯಾರೂ ಸರಿಯಾಗಿ ಅಳೆದಿರಲಿಲ್ಲ. ಆ ಮಾತ್ರೆ ಇವತ್ತಿಗೂ ಆನ್‌ಲೈನಲ್ಲಿ ಸಿಗುತ್ತದೆ. ಡಬ್ಬಿ ಮೇಲೆ ‘ನೈಸರ್ಗಿಕ’ ಅಂತ ಇದ್ದರೆ, ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಇದು ಕೆಲಸ ಮಾಡಿದ್ದು ಇಲಿಯ ಮೇಲೋ, ಮನುಷ್ಯರ ಮೇಲೋ?