ಊರಿಗೆ ಮರಳಬೇಕಾದ ಓದು

ಊರಿನ ಹೆಸರೆಂಬುದು ಆ ಊರಿನ ಮೊದಲ ಶಾಸನ. ಕಲ್ಲು ಒಡೆಯಬಹುದು, ತಾಮ್ರ ಕರಗಬಹುದು. ಹೆಸರು ಬಾಯಿಂದ ಬಾಯಿಗೆ ದಾಟಿ ಉಳಿಯುತ್ತದೆ. ಆದರೆ ಹೆಸರಿಗೂ ಸವೆತವುಂಟು. ಮಂಡ್ಯ ಜಿಲ್ಲೆ, ಮದ್ದೂರು ತಾಲೂಕಿನ ಹೋಬಳಿ ಕೇಂದ್ರವಾದ ಚಿಕ್ಕರಸಿನಕೆರೆಯನ್ನೇ ನೋಡಿ. ಕಚೇರಿಯ ಕಾಗದದಲ್ಲಿ ಅದು ‘ಸಿ.ಎ. ಕೆರೆ’. ಅಲ್ಲಿಯೇ ಸಮೀಪದ ಕಾಳಮುದ್ದನದೊಡ್ಡಿ ‘ಕೆ.ಎಂ. ದೊಡ್ಡಿ’ಯಾಗಿ, ಈಗ ಭಾರತೀನಗರವೆಂಬ ಮತ್ತೊಂದು ಹೆಸರನ್ನೂ ಹೊತ್ತಿದೆ. ಇನ್ನೆರಡು ತಲೆಮಾರು ಕಳೆದರೆ ಆ ಅಕ್ಷರಗಳನ್ನು ಬಿಡಿಸಿ ಹೇಳುವವರನ್ನು ಹುಡುಕಬೇಕಾದೀತು.

ಚಿಕ್ಕರಸಿನಕೆರೆ ಎಂದರೇನು? ‘ಅರಸು’ ಶಬ್ದಕ್ಕೆ ಷಷ್ಠೀ ವಿಭಕ್ತಿ ಹತ್ತಿದರೆ ‘ಅರಸಿನ’. ಆಗ ಇದು ಕಿರಿಯ ಅರಸೊಬ್ಬನ ಕೆರೆ. ‘ಅರಸಿ’ಯದಾಗಿದ್ದರೆ ‘ಅರಸಿಯ’ ಎಂದಾಗಬೇಕಿತ್ತು. ಹಾಸನ ಜಿಲ್ಲೆಯ ಅರಸೀಕೆರೆ ಆ ಜಾಡಿನ ಹೆಸರು. ಅಡುಗೆಮನೆಯ ಅರಿಸಿನವನ್ನು ‘ಅರಸಿನ’ ಎನ್ನುವ ರೂಢಿಯೂ ಇರುವುದರಿಂದ ಮೂರನೆಯದೊಂದು ಅರ್ಥವೂ ಬಾಗಿಲು ತಟ್ಟುತ್ತದೆ. ‘ಸಿ.ಎ.’ ಎಂದು ಮೊಟಕುಮಾಡಿದ ಗುಮಾಸ್ತ ಪದವನ್ನು ಬಿಡಿಸಿದನೇ ಹೊರತು ಅರ್ಥವನ್ನು ಬಿಡಿಸಲಿಲ್ಲ. ಮೊದಲನೆಯ ಅರ್ಥ ವ್ಯಾಕರಣಕ್ಕೆ ಒಪ್ಪುತ್ತದೆ, ನಿಜ. ಆದರೆ ವ್ಯಾಕರಣ ಒಪ್ಪಿದ್ದೆಲ್ಲ ಚರಿತ್ರೆಯಾಗದು. ಹಳೆಯ ದಾಖಲೆಗಳಲ್ಲಿ ಊರಿನ ಹೆಸರು ಹೇಗೆ ಬರೆಯಲ್ಪಟ್ಟಿದೆ, ಕೆರೆಯ ಏರಿ ತೂಬುಗಳಲ್ಲಿ ಬರಹವುಂಟೆ, ಸುತ್ತಲ ಹೊಲಗಳಿಗೆ ಏನು ಹೆಸರು ಎಂಬುದನ್ನೆಲ್ಲ ಒಟ್ಟಿಗಿಟ್ಟು ನೋಡಬೇಕು. ಈ ಕೆಲಸವನ್ನು ದೂರದ ವಿದ್ವಾಂಸನೊಬ್ಬನೇ ಮಾಡಲಾರ; ಊರಿನವರೊಬ್ಬರೇ ಮಾಡಲಾರರು. ಇಬ್ಬರೂ ಕೂಡುವ ಜಗಲಿಗೆ ಇತಿಹಾಸ ಮಂಡಲಿ ಎಂದು ಹೆಸರು.

ನಮ್ಮ ನಾಡಿಗೆ ಇಂಥ ಮಂಡಲಿಗಳು ಹೊಸತಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಹುಟ್ಟಿತು. 1914ರಲ್ಲಿ ಆಲೂರು ವೆಂಕಟರಾಯರ ಉತ್ಸಾಹದಿಂದ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ತಲೆಯೆತ್ತಿತು. ಇವೆರಡಕ್ಕೂ ಮುಂಚೆ, 1894ರಲ್ಲಿಯೇ, ಬಿ.ಎಲ್. ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳನ್ನು ಅಚ್ಚುಹಾಕಿಸಿದ್ದರು. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ. ರೈಸ್ ಸಾಹೇಬರ ಕಾಲಕ್ಕೆ ಇದು ಮೈಸೂರು ಜಿಲ್ಲೆಯ ಭಾಗ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಮುದ್ರಣದಲ್ಲಿ ಮದ್ದೂರು, ಮಳವಳ್ಳಿ, ಮಂಡ್ಯ, ನಾಗಮಂಗಲ ತಾಲೂಕುಗಳಿಗೆ ಏಳನೆಯ ಸಂಪುಟವೇ ಮೀಸಲು. ಅದು ಬಂದದ್ದು 1979ರಲ್ಲಿ. ಅಂದಮೇಲೆ ಕಲ್ಲುಗಳನ್ನು ಓದಿದವರಿದ್ದಾರೆ, ಓದಿದ್ದು ಅಚ್ಚಾಗಿದೆ. ಅಚ್ಚಾದ ಓದು ಆ ಕಲ್ಲಿನ ಊರಿಗೆ ಎಷ್ಟರ ಮಟ್ಟಿಗೆ ಮರಳಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಇದಕ್ಕೆ ಅತಿ ದೊಡ್ಡ ನಿದರ್ಶನ ಮದ್ದೂರು ತಾಲೂಕಿನಲ್ಲೇ ಇದೆ. ಅದು ಆತಕೂರಿನ ಶಾಸನ. ಕ್ರಿ.ಶ. 949-50ರ ಕಲ್ಲು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಬಿದ್ದಾಗ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದನೆಂದು ಅದು ಹೇಳುತ್ತದೆ. ದಕ್ಷಿಣ ಭಾರತದ ಚರಿತ್ರೆ ಬರೆಯುವವರಾರೂ ಈ ಕಲ್ಲನ್ನು ದಾಟಿ ಹೋಗುವಂತಿಲ್ಲ. ಆದರೆ ಕಲ್ಲು ನೆಟ್ಟದ್ದು ಅರಸರ ಗೆಲುವಿಗಾಗಿ ಅಲ್ಲ, ಒಂದು ನಾಯಿಗಾಗಿ! ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೂತುಗ ಮೆಚ್ಚಿ ‘ಬೇಡಿಕೋ’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯನ್ನು. ಆ ನಾಯಿಯನ್ನು ಕೆಲಲೆನಾಡಿನಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಕಟ್ಟುಮಾಡಿದನು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕಲ್ಲಿನ ಮೇಲೆಯೇ ಇದೆ.

ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಸೇರಿದ್ದು ತಪ್ಪೆನ್ನಲಾಗದು, ಬಿಸಿಲು ಮಳೆಗೆ ಬಿಟ್ಟಿದ್ದರೆ ಅಕ್ಷರ ಉಳಿಯುತ್ತಿತ್ತೆಂಬ ಭರವಸೆಯೇನು? ಆದರೆ ಕಲ್ಲಿನೊಡನೆ ಕಥೆಯೂ ಊರು ಬಿಟ್ಟು ಹೋಗಬೇಕಾಗಿರಲಿಲ್ಲ. ಪ್ರಾಣಿಯನ್ನು ಮನೆಯವರಲ್ಲೊಬ್ಬನೆಂದು ಕಾಣುವ ಮನಸ್ಸು ಈ ಸೀಮೆಯಲ್ಲಿ ಸತ್ತಿಲ್ಲ; ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವಪ್ಪನಿಗೆ ಕೈಮುಗಿಯುವ ಜನ ಕಾಳಿಯ ಕಥೆಯನ್ನು ಕೇಳಿದರೆ ಪರಕೀಯವೆಂದು ಬಗೆದಾರೆಯೆ? ಕಲ್ಲಿನ ಪಡಿಯಚ್ಚೊಂದನ್ನು ಊರಿನಲ್ಲಿಟ್ಟು, ಪಕ್ಕದಲ್ಲಿ ಹೊಸಗನ್ನಡದಲ್ಲಿ ಅದರ ಅರ್ಥ ಬರೆಸಿದರೆ ಶಾಲೆಯ ಹುಡುಗರು ಹತ್ತು ನಿಮಿಷದಲ್ಲಿ ಓದಿಕೊಂಡಾರು.

ಊರಿನಿಂದ ವಿದ್ವಾಂಸರು ಪಡೆಯಬೇಕಾದದ್ದೂ ಕಡಿಮೆಯಿಲ್ಲ. ಶಾಸನದಲ್ಲಿ ಬರುವ ಹಳ್ಳ ಯಾವುದು, ದಿಬ್ಬ ಯಾವುದು, ದೇವಮಾನ್ಯದ ಗದ್ದೆ ಎಲ್ಲಿತ್ತು ಎಂಬುದಕ್ಕೆ ಗ್ರಂಥಾಲಯದಲ್ಲಿ ಉತ್ತರವಿಲ್ಲ. ಹೊಲದ ಹೆಸರುಗಳನ್ನು ಬಲ್ಲ ಹಿರಿಯರ ಬಾಯಲ್ಲಿದೆ. ಕನ್ನಂಬಾಡಿಯ ನಾಲೆ ಬಂದ ಮೇಲೆ ಕೆರೆಗಳ ಮಹತ್ವ ತಗ್ಗಿ, ತೂಬು ಕೋಡಿಗಳ ಹಳೆಯ ಹೆಸರುಗಳೂ ಮರೆಗೆ ಸರಿಯುತ್ತಿವೆ. ಹಿರಿಯರು ಹೋದರೆ ಆ ಗ್ರಂಥವೂ ಹೋದಂತೆ.

ಇತ್ತ ಕಲ್ಲುಗಳಿಗೂ ಆಯುಸ್ಸು ಕಡಿಮೆಯಾಗುತ್ತಿದೆ. ಕೆಲವು ಒಗೆಯುವ ಕಲ್ಲಾಗಿವೆ, ಕೆಲವು ಜೀರ್ಣೋದ್ಧಾರದ ನೆಲಗಟ್ಟಿನಲ್ಲಿ ಮುಚ್ಚಿಹೋಗಿವೆ, ಕೆಲವನ್ನು ನಿಧಿಯ ಆಸೆಗೆ ಒಡೆದಿದ್ದಾರೆ. ಆದರೂ ಎದೆಗುಂದಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಗಂಗ ಶ್ರೀಪುರುಷನ ಕಾಲದ, ಸುಮಾರು 750ರ, ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಆಸಕ್ತ ನಾಗರಿಕರು ಎಚ್ಚೆತ್ತದ್ದರಿಂದ ಅದು ಉಳಿಯಿತು. ಅಂಥ ನಾಗರಿಕರ ದುಡಿಮೆಯ ಬೆನ್ನಿಗೆ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಚಿತ್ರಗಳಾಗಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸಕ್ಕೆ ಕೈಹಚ್ಚಿತು. ರಾಜಧಾನಿಯ ಚರಂಡಿಯ ಬಳಿ ಆದದ್ದು ಮದ್ದೂರಿನ ಕೆರೆಯೇರಿಯ ಮೇಲೆ ಆಗಬಾರದೆಂದೇನೂ ಇಲ್ಲ.

ಹೋಬಳಿಗೊಂದು ಇತಿಹಾಸ ಮಂಡಲಿಗೆ ದೊಡ್ಡ ಬಂಡವಾಳ ಬೇಕಾಗಿಲ್ಲ. ಏಳನೆಯ ಸಂಪುಟವನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿರುವ ಜಾಗಗಳಲ್ಲಿ ಕಲ್ಲುಗಳು ಇಂದಿಗೂ ಇವೆಯೇ ಎಂದು ತಾಳೆ ನೋಡುವುದು ಮೊದಲ ಕೆಲಸ. ಇದ್ದರೆ ನೀರು ಹಾಕಿ ಮೆದು ಕುಂಚದಿಂದ ತೊಳೆದು ಚಿತ್ರ ತೆಗೆಯಬೇಕು. ಸುಣ್ಣ, ಬಣ್ಣ, ತಂತಿಯ ಕುಂಚ ಸಲ್ಲದು. ಅಳತೆ, ಸರ್ವೆ ನಂಬರು, ಹೊಲದ ಹೆಸರು ಬರೆದಿಡಬೇಕು. ಕೊನೆಗೆ, ಓದಿದ್ದನ್ನು ಊರಿನ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು. ಇದನ್ನು ಮರೆತರೆ ಮಿಕ್ಕ ಶ್ರಮವೆಲ್ಲ ಇನ್ನೊಂದು ಸಂಪುಟವಾಗಿ ಕಪಾಟು ಸೇರೀತು. ತಾನು ಏನನ್ನು ಕಾಯುತ್ತಿದ್ದೇನೆಂದು ತಿಳಿದ ಊರು ಕಲ್ಲನ್ನು ಒಡೆಯಲು ಬಿಡದು. ತನ್ನ ಹೆಸರನ್ನು ಎರಡು ಅಕ್ಷರಕ್ಕೆ ಮಾರಿಕೊಳ್ಳದು.