ಧಮನಿ

ಬಾದಾಮಿ ಕಡೆ ಮನೆ ಹಿರಿಯರನ್ನು ಬಾಗಲಕೋಟೆಯ ದವಾಖಾನೆಗೆ ತೋರಿಸಿ ಬಂದವರು ಹೇಳುವುದು ಹೀಗೆ: ‘ಎದಿಯಾಗಿನ ನರ ಬ್ಲಾಕ್ ಆಗ್ಯಾವಂತ್ರಿ.’ ಕೈಗೆ ಬಂದ ವರದಿಯನ್ನು ಕನ್ನಡಕ್ಕೆ ತಂದರೆ ಅದೇ ‘ನರ’ ಹೃದಯಕ್ಕೆ ರಕ್ತ ಒಯ್ಯುವ ಪರಿಧಮನಿಯಾಗುತ್ತದೆ. ಆಡುಮಾತಿನ ನರದಲ್ಲಿ ರಕ್ತ ಹರಿಯುವುದೂ ಸೇರಿದೆ, ನೋವು ಮುಟ್ಟಿಸುವುದೂ ಸೇರಿದೆ. ವೈದ್ಯರಿಗೆ ಎರಡೂ ಬೇರೆ.

ಧಮನಿ ಸಂಸ್ಕೃತದ ‘ಧಮ್’ ಧಾತುವಿನಿಂದ ಬಂದದ್ದು. ಅರ್ಥ, ಊದು: ಶಂಖ ಊದುವುದು, ಕುಲುಮೆಗೆ ಗಾಳಿ ಊದುವುದು. ಹಾಗಾಗಿ ಧಮನಿ ಎಂದರೆ ಮೊದಲು ಊದುಗೊಳವೆ. ಸುಶ್ರುತಸಂಹಿತೆ ಹೊಕ್ಕುಳಿನಿಂದ ಹೊರಟ 24 ಧಮನಿಗಳನ್ನು ಎಣಿಸುತ್ತದೆ. ಪ್ರಾಚೀನ ಗ್ರೀಕರಲ್ಲೂ ಕೆಲವರು ಇವು ಗಾಳಿಯ ಕೊಳವೆಗಳೆಂದೇ ನಂಬಿದ್ದರು. ಒಳಗಿರುವುದು ರಕ್ತ ಎಂದು ತೋರಿಸಿದವನು ಗೇಲನ್.

ಪರಿಧಮನಿ ಕಟ್ಟಿಕೊಂಡು ಹೃದಯಕ್ಕೆ ವರ್ಷಗಟ್ಟಲೆ ರಕ್ತ ಸಾಲದೇ ಹೋದಾಗ ಕೆಲವರಲ್ಲಿ ಅಕ್ಕಪಕ್ಕದ ಕಿರುಧಮನಿಗಳು ತಾವೇ ಹಿಗ್ಗಿ ಬಳಸುದಾರಿಯಾಗುತ್ತವೆ. ನನಗೆ ಇದು ದೇಹದ ದೊಡ್ಡ ಸೋಜಿಗ. ಈ ಕೆಲಸಕ್ಕೆ ಒತ್ತಾಸೆ ಕೊಡಲೆಂದೇ ರಕ್ತನಾಳ ಬೆಳೆಸುವ ಪ್ರೋಟೀನುಗಳನ್ನು, ಅಂದರೆ ‘ಬೆಳವಣಿಗೆ ಅಂಶ’ಗಳನ್ನು, ಹೊರಗಿನಿಂದ ಕೊಟ್ಟು ನೋಡಿದರು. 2003ರಲ್ಲಿ ಪ್ರಕಟವಾದ ‘ವಿವಾ’ ಪ್ರಯೋಗದಲ್ಲಿ 178 ರೋಗಿಗಳಿದ್ದರು. 60ನೇ ದಿನಕ್ಕೆ ಔಷಧಿ ಪಡೆದವರು ಹುಸಿಮದ್ದು ಪಡೆದವರಿಗಿಂತ ಹೆಚ್ಚು ಚೇತರಿಸಿರಲಿಲ್ಲ. 120ನೇ ದಿನಕ್ಕೆ ಹೆಚ್ಚಿನ ಪ್ರಮಾಣ ಪಡೆದವರ ಎದೆನೋವು ಮಾತ್ರ ತಗ್ಗಿತ್ತು. ದಿನನಿತ್ಯದ ಚಿಕಿತ್ಸೆಯಾಗಿ ಈ ಪ್ರೋಟೀನುಗಳಿನ್ನೂ ನೆಲೆಗೊಂಡಿಲ್ಲ. ಇಂದಿಗೂ ಕಟ್ಟಿದ ಧಮನಿಗೆ ಗುಳಿಗೆ, ಸ್ಟೆಂಟ್, ಬೈಪಾಸ್ ಇವೇ ಆಸರೆ.